ಗ್ಯಾಸ್ ಎಲ್ಲಿಗೆ ಹೋಯಿತು

ಮೇ ೧೪, ಮಂಗಳವಾರ

ಮೆಕ್ಯಾನಿಕ್ ಕೊಟ್ಟ ಮಾತು: ಕಾರಿನ ಏಸಿಗೆ ಗ್ಯಾಸ್ ತುಂಬಿದರೆ ಬೇಸಿಗೆ ಪೂರ್ತಿ ತಣ್ಣಗಿರುತ್ತದೆ. ಹದಿನೈದೇ ದಿನಕ್ಕೆ ಬಿಸಿಗಾಳಿ. ಲೀಕ್ ಹುಡುಕು ಎಂದರೆ ಒಪ್ಪಲಿಲ್ಲ, ಕಂಪ್ರೆಸರ್ರೇ ಬದಲಿಸಬೇಕಂತೆ. ಕೆಲಸ ಮಾಡುವಾಗ ಪಕ್ಕದಲ್ಲಿ ನಿಲ್ಲುತ್ತೇನೆ ಎಂದರೆ ಅದಕ್ಕೂ ಇಲ್ಲ.

ಬಾಗಿಲು ಹಾಕಿಕೊಂಡು ಮಾಡುವ ತೀರ್ಮಾನವನ್ನು ನಾನು ಯಾವತ್ತೂ ನಂಬಿದವನಲ್ಲ. ಮುಚ್ಚಿದ ಪೈಪಿನೊಳಗಿನ ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ, ಎಲ್ಲೋ ಸೋರುತ್ತಿದೆ.

ಸಂಜೆ ನಾನೂ ಹೆಂಡತಿಯೂ ಬಾನೆಟ್ ಎತ್ತಿ, ಏಸಿ ಪೈಪಿನ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆವು. ಒಂದು ಕಡೆ ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

“ನೋಡ್ರೀ, ಹೆಂಗೆ ಉಸಿರಾಡ್ತಿದೆ” ಅಂದಳು ಅವಳು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸೋಪು ಹಚ್ಚಿದ್ರೆ ಗುಳ್ಳೆ ಬರ್ದೆ ಇನ್ನೇನ್ ಬರುತ್ತೆ ಸಾರ್?” ಎಂದು ನಕ್ಕ.

“ಪಕ್ಕದ ಜಾಯಿಂಟಲ್ಲಿ ಯಾಕಪ್ಪಾ ಬರ್ಲಿಲ್ಲ?”

ಕಂಪ್ರೆಸರ್ ಮಾತು ಬಿಟ್ಟು, “ಗಾಡಿ ತನ್ನಿ ಸಾರ್, ನೋಡೋಣ” ಅಂದ. ಗೊತ್ತಿದ್ದೂ ಮುಚ್ಚಿಟ್ಟನೋ, ನೋಡಲೇ ಇಲ್ಲವೋ? ಯಾವುದು ಹೆಚ್ಚು ಕೆಟ್ಟದ್ದೆಂದು ಇನ್ನೂ ತೀರ್ಮಾನವಾಗಿಲ್ಲ.

ಕಳೆದ ಸಲ ಆಸ್ಪತ್ರೆಗೆ ಹೋಗುವಾಗ ಅಮ್ಮ ಸೆಕೆ ತಾಳಲಾರದೆ ಹಿಂದಿನ ಸೀಟಿನಲ್ಲಿ ಎಚ್ಚರ ತಪ್ಪಿದ್ದಳು. ಶುಕ್ರವಾರ ಮತ್ತೆ ಕರೆದೊಯ್ಯಬೇಕು. ನನ್ನ ಷರತ್ತು ಒಂದೇ: ನನ್ನ ಕಣ್ಣೆದುರೇ ಜಾಯಿಂಟ್ ಬಿಚ್ಚಿ ವಾಷರ್ ಬದಲಿಸಬೇಕು. ಒಪ್ಪಿದ್ದಾನೆ. ಇಷ್ಟು ಬೇಗ ಒಪ್ಪಿದ್ದೇ ನನಗೆ ಹಿಡಿಸಲಿಲ್ಲ.

ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ, ಅವನ ಶೆಡ್ಡಿನ ಒಳಗೆ.