ಸ್ಪಂದನಾಳ ಕೂದಲು ಬಂದಿದೆ

ಮಧುಗಿರಿ
19 ನವೆಂಬರ್ 2025, ಬುಧವಾರ

ಪ್ರೀತಿಯ ಸಮ್ರೀನ್‌ಗೆ,

ಸ್ಪಂದನಾಳ ತಲೆಯಲ್ಲಿ ಒಂದು ಇಂಚು ಕೂದಲು ಬಂದಿದೆ. ಹೇಳಿದವರು ಅವಳ ತಾಯಿ ಶಿವರುದ್ರಮ್ಮ, ಇವತ್ತು ಮಧ್ಯಾಹ್ನ, ಪಾವಗಡದಿಂದ ಫೋನಿನಲ್ಲಿ. ನಾನೂ ನಿನಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಸಮಾಧಾನ ಹೇಳುತ್ತೀಯ. ಅದು ಬೇಡವೆಂದೇ ಈ ಕಾಗದ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಮನಃಶಾಸ್ತ್ರ ಓದಿದವರು. ನೀನು ಶಿರಾದ ಶಾಲೆಗೆ ಹೋದೆ, ನಾನು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನ ಮಕ್ಕಳ ಬಳಿಗೆ.

ಸ್ಪಂದನಾಗೆ ಒಂಬತ್ತು ವರ್ಷ, ರಕ್ತದ ಕ್ಯಾನ್ಸರ್. ಮೊದಲ ತಿಂಗಳು ದಿಂಬಿನ ಮೇಲೆ ಕೂದಲು ಕಂಡು ಅತ್ತಾಗ, ಔಷಧಿಯ ಕೆಲಸ ಮುಗಿದ ಮೇಲೆ ಕೂದಲು ತಾನೇ ಬರುತ್ತದೆ ಎಂದಿದ್ದೆ. ಹನ್ನೊಂದು ವರ್ಷದಿಂದ ಎಲ್ಲ ಮಕ್ಕಳಿಗೂ ಹೇಳುವ ಮಾತು. ಸುಳ್ಳಲ್ಲ. ಔಷಧಿ ನಿಲ್ಲಿಸಿದರೆ ಕೂದಲು ಬರುತ್ತದೆ, ರೋಗ ಹೋಗಿರಲಿ, ಹೋಗದಿರಲಿ. ಇನ್ನು ಪ್ರಯೋಜನವಿಲ್ಲ ಎಂದು ಡಾಕ್ಟರ್ ಗೌರೀಶ್ ಸೆಪ್ಟೆಂಬರ್ ಎರಡರಂದು ಅವಳ ಔಷಧಿ ನಿಲ್ಲಿಸಿದರು. ನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಆ ಮಾತ್ರೆಯನ್ನು ಶಿವರುದ್ರಮ್ಮ ನಿಲ್ಲಿಸಿದ್ದಾರೆ. ವಾಸಿಯಾದೋಳ್ಗೆ ಮಾತ್ರೆ ಯಾಕೆ ಮೇಡಂ ಅಂದರು. "ಸ್ಕೂಲ್‌ಗೆ ಹೋಗು ಅಂದ್ರೆ ಸಾಕು, ಬೆನ್ನು ನೋವು ಅಂತ ನಾಟ್ಕ ಸುರು ಮಾಡ್ತಾಳೆ. ನೆನ್ನೆ ಎರಡು ಏಟು ಹಾಕ್ಬುಟ್ಟೆ. ಎದ್ದು ಹೋದ್ಳು ಕಣಮ್ಮ, ನಡ್ಯೋದು ಮಾತ್ರ ಮುದ್ಕಿ ನಡ್ದಂಗೆ," ಎಂದು ನಕ್ಕರು. ವಾಸಿಯಾದರೆ ಹೊಸ ಕೂದಲು ಸ್ವಾಮಿಗೆ ಎಂದು ಹರಕೆ ಇತ್ತಂತೆ. ಶುಕ್ರವಾರ ನಾಗಲಮಡಿಕೆಯ ದೇವಸ್ಥಾನದಲ್ಲಿ ಮುಡಿ ಕೊಡಿಸುತ್ತಾರೆ. ನನ್ನನ್ನೂ ಊಟಕ್ಕೆ ಕರೆದರು. "ನಿಮ್ ಬಾಯಿಂದ್ಲೇ ಬಂದ ಮಾತು, ನೀವು ಬರ್ದೆ ಹೆಂಗೆ?"

ಆಮೇಲೆ ಸ್ಪಂದನಾ ಫೋನ್ ತೆಗೆದುಕೊಂಡಳು. ದನಿ ತಗ್ಗಿಸಿ, "ಅಕ್ಕಾ, ಕೂದ್ಲು ಬಂದ್ಮೇಲೂ ನೋಯ್ತದಾ?" ಎಂದು ಕೇಳಿದಳು. ಸ್ವಲ್ಪ ದಿನ ನೋಯುತ್ತದೆ ಎಂದೆ. ಅಮ್ಮನಿಗೆ ಹೇಳಬೇಡಿ ಅಂದಳು.

ಮಾತ್ರೆ ನಿಲ್ಲಿಸಬೇಡಿ ಎಂದು ತಾಯಿಗೆ ಹೇಳಿದೆ. ಯಾಕೆ ಎಂದರು. ಬಂದು ಹೇಳುತ್ತೇನೆ ಎಂದೆ.

ನಿನ್ನ
ಲೋಹಿತಾ

ತಾ.ಕ.: ಮಗು ಉಳಿಯುವುದಿಲ್ಲ ಎಂದು ತಾಯಿಗೆ ತಿಳಿಸುವ ಕೆಲಸ ಡಾಕ್ಟರ್ ನನಗೆ ವಹಿಸಿದ್ದರು. ಸೆಪ್ಟೆಂಬರ್ ಎರಡರಂದೇ ಫೈಲಿನಲ್ಲಿ 'ತಿಳಿಸಲಾಗಿದೆ' ಎಂದು ಬರೆದು ಸಹಿ ಹಾಕಿದ್ದೇನೆ. ತಿಳಿಸಿರಲಿಲ್ಲ. ಔಷಧಿ ಮುಗಿಯಿತು, ಮನೆಗೆ ಹೋಗಿ ಎಂದಷ್ಟೇ ಹೇಳಿದ್ದೆ. ಆಕೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಪಾವಗಡಕ್ಕೆ ಹೋಗುತ್ತೇನೆ.