ಲೈಲಾಕ್ ಹೂವಿನ ಅಡಿಯಲ್ಲಿ ಲೀಜಾ

ಮಾರ್ಚ್ 4, 1976. ಲೆನಿನ್‌ಗ್ರಾಡ್

ಕ್ಯಾನ್ವಾಸುಗಳ ಬೆನ್ನು ಒರೆಸಿ ನಂಬರು ಹಾಕಿದೆ. ಮೂವತ್ತೆಂಟು. ಸೊಂಟ ಹಿಡಿದುಕೊಂಡಿದೆ. ದೇಶ ಬಿಟ್ಟು ಹೋಗುವವನು ತಾನೇ ಬರೆದ ಚಿತ್ರವನ್ನೂ ಸುಮ್ಮನೆ ಒಯ್ಯುವಂತಿಲ್ಲ. ಕಮಿಟಿ ನೋಡಬೇಕು, ಪ್ರತಿಯೊಂದರ ಹಿಂದೆ 'ಕಲಾಮೌಲ್ಯ ಇಲ್ಲ' ಎಂದು ಸೀಲು ಒತ್ತಬೇಕು. ನಲವತ್ತು ವರ್ಷ ಬಾಯಲ್ಲಿ ಇದನ್ನೇ ಹೇಳಿದರಲ್ಲ, ಸೀಲು ಒತ್ತಲು ಏನು ಧಾಡಿ...

ದೇಶ ಬಿಡಲು ಅರ್ಜಿ ಹಾಕಿದ ವಾರವೇ ಮಗಳು ಆಸ್ಯಾಳ ಶಾಲೆಯ ಕೆಲಸ ಹೋಯಿತು. ಇನ್ನು ಇಲ್ಲಿ ಉಳಿಯುವ ಹಾಗಿಲ್ಲ.

ಉಳಿದಿರುವುದು ಲೀಜಾಳ ಚಿತ್ರ. ಜರ್ಮನ್ನರು ಊರಿಗೆ ಮುತ್ತಿಗೆ ಹಾಕಿದ್ದ ಚಳಿಗಾಲದ ನನ್ನ ಹೆಂಡತಿ — ನೀಲಿ ಮುಖ, ಬಾಯಿಯೇ ಇಲ್ಲ, ಮುಖಕ್ಕಿಂತ ದೊಡ್ಡ ಕೈ, ಕೈಯಲ್ಲಿ ದಿನದ ಪಾಲಿನ ಬ್ರೆಡ್ಡು, ನೂರ ಇಪ್ಪತ್ತೈದು ಗ್ರಾಂ. ಅದನ್ನು ಮಗುವಿಗೆ ತಿನ್ನಿಸಿ ತಿನ್ನಿಸಿ ತಾನು ಹೋದಳು. ಐವತ್ತೇಳರಲ್ಲಿ ಒಬ್ಬ ಅಧಿಕಾರಿ ನೋಡಿ, 'ವೀರನಗರ' ಎಂಬ ಬಿರುದಿನ ಈ ಊರಿಗೆ ಅವಮಾನ ಎಂದು ರಿಪೋರ್ಟು ಬರೆದ. ತೋರಿಸಿದರೆ ಕಿತ್ತುಕೊಳ್ಳುತ್ತಾರೆ, ವೀಸಾವೂ ಹೋಗುತ್ತದೆ. ಬಿಟ್ಟು ಹೋಗುವುದು ನನ್ನಿಂದಾಗದು.

ಮಾರ್ಚ್ 9

ಉಪಾಯ ಮಾಡಿದೆ. ಲೀಜಾಳ ಮೇಲೆ ವಾರ್ನಿಷ್. ಒಣಗಿದ ಮೇಲೆ ನೀರಿನ ಬಣ್ಣದಲ್ಲಿ ಒಂದು ಹೂದಾನಿ, ಲೈಲಾಕ್ ಗೊಂಚಲು. ಬಣ್ಣ ಹಿಡಿಯಲೆಂದು ಸ್ವಲ್ಪ ಸೋಪು ಬೆರೆಸಿದೆ. ನಾವು ಹೋಗಿ ಇಳಿಯುವ ವಿಯೆನ್ನಾದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಬೇಕೆಂದೇ ಕೆಟ್ಟದಾಗಿ ಬರೆದೆ, ಚಾಕಲೇಟ್ ಡಬ್ಬಿಯ ಮುಚ್ಚಳದ ಹಾಗೆ.

"ಅಪ್ಪಾ, ನಿಂಗೆ ಇದೂ ಬರುತ್ತಾ?" ಎಂದಳು ಆಸ್ಯಾ. "ಮೊದಲಿಂದ ಇದನ್ನೇ ಬರೆದಿದ್ರೆ ಇಷ್ಟೊತ್ತಿಗೆ ನಮ್ಗೂ ಒಂದು ತೋಟದ ಮನೆ ಇರ್ತಿತ್ತು."

ಇಬ್ಬರೂ ನಕ್ಕೆವು. ನಕ್ಕು ಎಷ್ಟು ದಿನವಾಗಿತ್ತೋ.

ಮಾರ್ಚ್ 22. ಸಂಜೆ

ಹಾಳಾಗಿ ಹೋಗಲಿ ಇವರೆಲ್ಲ.

ಮೂವತ್ತೆಂಟಕ್ಕೂ ಸೇರಿ ಹತ್ತು ನಿಮಿಷ. ಸೀಲು, ಸೀಲು, ಸೀಲು. ಕೊನೆಯದು ಲೈಲಾಕ್. ಕಮಿಟಿಯ ಮುಖ್ಯಸ್ಥ ಜುಬಾರೆವ್ ಕನ್ನಡಕ ಏರಿಸಿದ. ಎದ್ದು ಬಂದ. ಹಿಂದೆ ಸರಿದು ಮತ್ತೆ ನೋಡಿದ. ನನ್ನ ಹೆಸರು ಹಿಡಿದು ಕರೆದ.

"ನಾಯುಮ್ ಒಸಿಪೋವಿಚ್, ಇಂಥಾ ಕೈ ಇಟ್ಕೊಂಡು ಇಷ್ಟು ವರ್ಷ ಯಾಕ್ರೀ ಹಾಳು ಮಾಡ್ಕೊಂಡ್ರಿ?"

ಇದಕ್ಕೆ ಕಲಾಮೌಲ್ಯ ಇದೆಯಂತೆ. ಹೊರದೇಶಕ್ಕೆ ಬಿಡಲಾಗದಂತೆ. ಬಣ್ಣ ರಾಡಿ, ಹೂದಾನಿ ವಾಲಿದೆ, ಕಸ ಎಂದು ನನ್ನ ಚಿತ್ರವನ್ನು ನಾನೇ ಬೈದೆ. ವಿನಯ ಎಂದುಕೊಂಡ. ಕಚೇರಿಗೆ ಉಡುಗೊರೆಯಾಗಿ ಕೊಟ್ಟುಬಿಡಿ, ಫೈಲು ಬೇಗ ಸರಿಯುತ್ತದೆ ಎಂದ. ಕೊಡದಿದ್ದರೆ ಏನಾಗುತ್ತದೆ ಎಂದು ಹೇಳುವ ಅಗತ್ಯವಿರಲಿಲ್ಲ. ಆಸ್ಯಾ ನನ್ನ ತೋಳು ಹಿಡಿದಳು. ಸಹಿ ಹಾಕಿದೆ. ಕೈಯಾರೆ ಲೀಜಾಳನ್ನು ಅವರಿಗೆ ಕೊಟ್ಟು ಬಂದೆ.

ಏಪ್ರಿಲ್ 8

ವೀಸಾ ಬಂತು. ಹದಿನಾಲ್ಕಕ್ಕೆ ವಿಮಾನ. ಆಸ್ಯಾ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಯಾರೊಂದಿಗೂ ಮಾತು ಬೇಡವಾಗಿದೆ.

ಏಪ್ರಿಲ್ 12

ಕೊನೆಯ ಕಾಗದಕ್ಕೆಂದು ಕಚೇರಿಗೆ ಹೋದೆ. ಲೈಲಾಕ್ ಕಾರಿಡಾರಿನಲ್ಲಿ, ಜನ ಕ್ಯೂ ನಿಲ್ಲುವ ಕಡೆ. ಯಾರೋ ಅದರ ಮುಂದೆ ಗಿಡದ ಕುಂಡ ಸರಿಸಿಟ್ಟಿದ್ದಾರೆ. ಗ್ಲಾಫಿರಾ ಎಂಬಾಕೆ ನೆಲ ಒರೆಸುತ್ತಿದ್ದಳು, ಹೆಚ್ಚು ಕಡಿಮೆ ನನ್ನ ವಯಸ್ಸು. ಇದನ್ನು ಬರೆದವರು ನೀವೇನಾ ಎಂದು ಕೇಳಿದಳು. ಹೌದೆಂದೆ. ಗಿಡದ ಎಲೆ ಸರಿಸಿದಳು. ಆಕೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುವಾಗ ಒಂದು ಮೂಲೆ ಕರಗಿಬಿಟ್ಟಿದೆ; ಅದನ್ನು ಮುಚ್ಚಲೆಂದೇ ಕುಂಡ ಇಟ್ಟಳಂತೆ. ಲೀಜಾಳ ಅಂಗೈ. ಬ್ರೆಡ್ಡು.



"ಇದು ಆ ಚಳಿಗಾಲದ ತುಂಡು. ನಂಗೆ ಗೊತ್ತಾಗಲ್ವಾ ಯಜಮಾನ್ರೇ?" ಎಂದಳು ಮೆಲ್ಲಗೆ. "ಹಸಿದಾಗ ಕೈ ಹಿಂಗೇ ಕಾಣ್ತಿತ್ತು, ಇಷ್ಟು ದೊಡ್ಡದಾಗಿ."

ಗೋಡೆಗೆ ಹಣೆ ಇಟ್ಟು ಅತ್ತುಬಿಟ್ಟೆ. ನಲವತ್ತು ವರ್ಷದಲ್ಲಿ ಯಾವ ಪಂಡಿತನೂ ನನ್ನ ಚಿತ್ರವನ್ನು ಹೀಗೆ ನೋಡಿರಲಿಲ್ಲ.

ಆಕೆಯೂ ಆ ಚಳಿಗಾಲ ಎರಡು ಗಂಡುಮಕ್ಕಳನ್ನು ಕಳೆದುಕೊಂಡವಳು. ಮುಖವನ್ನೂ ಒರೆಸಿ ನೋಡಲೇ ಎಂದಳು. ಕೈ ಹಿಡಿದು ತಡೆದೆ. ಈಗ ಬೇಡ, ಮಗಳಿದ್ದಾಳೆ, ಹದಿನಾಲ್ಕನೇ ತಾರೀಖು ಒಂಬತ್ತೂಕಾಲಿಗೆ ನಮ್ಮ ವಿಮಾನ ಎಂದೆ.

"ಒಂಬತ್ತೂವರೆಗೆ ಒರೆಸ್ತೀನಿ ಬಿಡಿ. ಆಗ ಕ್ಯೂ ಉದ್ದ ಇರುತ್ತೆ, ನಾಲ್ಕು ಜನ ನೋಡ್ಲಿ."

ಅವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದೆ.

"ನೆಲ ಒರೆಸೋಳನ್ನ ಇನ್ನೆಷ್ಟು ಕೆಳಗೆ ಇಳಿಸ್ತಾರೆ?"

ಒಪ್ಪಿಕೊಂಡೆ. ಜುಬಾರೆವ್ ಓಡಿ ಬಂದು ಕಿತ್ತು ಹಾಕುತ್ತಾನೆ, ಸುಡಲೂಬಹುದು. ಆದರೂ ಸ್ವಲ್ಪ ಹೊತ್ತು ಈ ಊರಿನ ಜನ ಲೀಜಾಳನ್ನು ನೋಡುತ್ತಾರೆ.

ಏಪ್ರಿಲ್ 13

ಆಸ್ಯಾಗೆ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಪೆಟ್ಟಿಗೆಯ ಹಗ್ಗ ಬಿಗಿದು ಮುಗಿಸಿದಳು.

"ಅಮ್ಮನ ಮುಖ ನಂಗೆ ನೆನಪಿಲ್ಲಪ್ಪ. ಆ ಚಿತ್ರಾನೇ ಅಮ್ಮ. ಹೂವಿನ ಕೆಳಗೆ ಉಸಿರು ಕಟ್ಕೊಂಡು ಇರೋದು ಬೇಡ."

ಏಪ್ರಿಲ್ 14. ವಿಮಾನ ನಿಲ್ದಾಣ. ಬೆಳಿಗ್ಗೆ 9.20

ವಿಮಾನ ಹೊರಟಿಲ್ಲ. ಮಂಜಂತೆ. ಎಷ್ಟು ಹೊತ್ತೋ ಹೇಳುವವರಿಲ್ಲ. ಗ್ಲಾಫಿರಾಗೆ ಇದು ಹೇಗೆ ಗೊತ್ತಾಗಬೇಕು?

9.26

ಎದುರಿಗೇ ಫೋನ್ ಇದೆ. ಕಚೇರಿಗೆ ಮಾಡಿ ಗ್ಲಾಫಿರಾಳನ್ನು ಕರೆಸಿ ಬೇಡ ಎನ್ನಬಹುದು. ನಾಣ್ಯ ಹಿಡಿದು ಎದ್ದೆ. ಆಸ್ಯಾಳ ಮುಖ ಸುಣ್ಣವಾಗಿದೆ. ಆದರೂ ನಾಣ್ಯ ಕಿತ್ತುಕೊಂಡು ಮುಷ್ಟಿಯಲ್ಲಿ ಇಟ್ಟುಕೊಂಡಳು. "ಕೂತ್ಕೋ ಅಪ್ಪಾ" ಎಂದಳು. ಕೂತೆ.

9.34

ಈಗ ಹಣೆ ಬಂದಿರುತ್ತದೆ. ಕಣ್ಣು ಬಂದಿರುತ್ತದೆ. ಕ್ಯೂನಲ್ಲಿ ನನ್ನ ವಯಸ್ಸಿನವರು ಒಬ್ಬರಾದರೂ ಇರುತ್ತಾರೆ, ಟೋಪಿ ತೆಗೆಯುತ್ತಾರೆ... ಮೈಕಿನಲ್ಲಿ ಏನೋ ಕೂಗುತ್ತಿದ್ದಾರೆ. ಆಸ್ಯಾ ಎದ್ದು ನಿಂತಳು. ನಮ್ಮ ಹೆಸರೇ. ಗೇಟಿಗೆ ಬನ್ನಿ ಎನ್ನುತ್ತಿದ್ದಾರೋ, ಇಲ್ಲ—