ಪಂಪು ಎಳೆಯುತ್ತಿಲ್ಲ

ಮಾರ್ಚ್ ೨, ಭಾನುವಾರ

ಬರ್ನರ್ ಹಚ್ಚಿದ್ದಾಯಿತು. ಬಿಯರ್‌ಗೆಂದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಬಿಸಿನೀರಿಗೆ ಸುರಿದು ಕಲಸಿದ್ದಾಯಿತು. ಪಂಪಿನ ಸ್ವಿಚ್ ಒತ್ತಿದೆ. ಸದ್ದು ಬಂತು, ರಸ ಬರಲಿಲ್ಲ. ಆಮೇಲೆ ಬಂತು — ಧಾರೆಯಲ್ಲ, ಮುದುಕನ ಉಚ್ಚೆಯ ಹಾಗೆ. ಬಿಟ್ಟು ಬಿಟ್ಟು.

ಪಾತ್ರೆಯ ತಳದ ರಸ ಎಳೆದು ಮೇಲಿಂದ ಸುರಿಯುತ್ತಾ ಇರಬೇಕಾದ್ದು ಅದರ ಕೆಲಸ. ನಾನೇ ಮಾಡಿದೆ, ಮಗ್ಗಿನಲ್ಲಿ. ಹಿಡಿ, ಸುರಿ. ಹಿಡಿ, ಸುರಿ. ಸೊಂಟ ಹೋಯಿತು.

ಅಷ್ಟರಲ್ಲಿ ಎದುರುಮನೆಯ ವರ್ನ್ ಕಾರು ತೆಗೆದ. ಭಾನುವಾರ ಈಗ ಅವನಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ, ಕುಡಿತ ಬಿಟ್ಟವರದು. ಮೊದಲೆಲ್ಲ ಭಾನುವಾರವೆಂದರೆ ಈ ಗ್ಯಾರೇಜು. ಅವನು, ನಾನು, ಕುದಿಯುವ ಪಾತ್ರೆ, ರೇಡಿಯೋದಲ್ಲಿ ಹಾಕಿ ಮ್ಯಾಚು. ಬಾಯ್ತುಂಬ ಬೈದಾಟ. ಪಂಪಿನ ಉಸ್ತುವಾರಿ ಅವನದು. ಇಡೀ ಜನ್ಮ ನಮ್ಮ ಕಡಲಿನಂಥ ಸರೋವರದಲ್ಲಿ ಅದಿರು ಸಾಗಿಸುವ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದವನು. ನಾನು ಕೌಂಟಿ ಸರ್ಕಾರದ ಹಿಮ ತಳ್ಳುವ ಲಾರಿ ಓಡಿಸುವವನು. ಒಲೆ ನನ್ನದು, ಪಂಪು ಅವನದು.

ಜನವರಿಯಲ್ಲಿ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಬಿಟ್ಟೆ ಕಣೋ ಮರ್ಲ್."

"ಡಾಕ್ಟರ್ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಅದೇ ನೆನಪಾಗ್ತಿತ್ತು. ಪಕ್ಕದಲ್ಲೇ ಮಲಗಿರೋ ಐಲಿ ಮುಖ ಅಲ್ಲ, ಅದು."

"ಸರಿ ಬಿಡು, ಕುಡೀಬೇಡ. ಬಂದು ಸುಮ್ನೆ ಕೂತ್ಕೊ. ನಾನೂ ನಿನ್ನೆದುರು ಕುಡಿಯಲ್ಲ."

ಮೂಗು ಮುಟ್ಟಿಕೊಂಡ. "ಈ ವಾಸನೆ ಇದೆಯಲ್ಲ... ಆಗಲ್ಲ ಕಣೋ."

ಹೋದ. ಹಿಮದಲ್ಲಿ ಅವನ ಬೂಟಿನ ಗುರುತು ಸಂಜೆಯವರೆಗೂ ಇತ್ತು.

ಮಾರ್ಚ್ ೫

ಪಂಪು ಬಿಚ್ಚಿದೆ. ನಾಲ್ಕು ಸ್ಕ್ರೂ. ಒಳಗೆ ರೆಕ್ಕೆಯ ಪುಟ್ಟ ಚಕ್ರ, ಅದರ ಸುತ್ತ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಎಸಳಿನ ಚೂರು, ಕೊಳೆತ ಪಾಲಕ್ಕಿನ ಹಾಗೆ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಜೋಡಿಸಿದೆ. ನಲ್ಲಿ ನೀರು ಬಿಟ್ಟು ನೋಡಿದರೆ — ಆಹಾ, ಗೋಡೆಗೆ ಬಡಿಯುವ ಧಾರೆ.

ಜೋರಾಗಿ ನಕ್ಕೆ. ಗ್ಯಾರೇಜಿನಲ್ಲಿ ಒಬ್ಬನೇ ನಕ್ಕರೆ ಸದ್ದು ವಿಚಿತ್ರ.

ಮಾರ್ಚ್ ೮

ಎರಡು ದಿನ ಹಿಮ. ಲಾರಿಯಲ್ಲೇ ಊಟ, ಲಾರಿಯಲ್ಲೇ ನಿದ್ದೆ. ಬೆಟ್ಟದ ರಸ್ತೆಗಳ ಹಿಮ ತೆಗೆಯುತ್ತ ಬಂದೆ, ಹಿಂದಿನಿಂದ ಮತ್ತೆ ತುಂಬಿತು. ನಮ್ಮ ಬೀದಿಗೆ ಬಂದಾಗ ವರ್ನ್ ಮನೆಯ ಮುಂದೆ ಹಿಮ ತಳ್ಳುವ ಬ್ಲೇಡು ಎತ್ತಿದೆ, ಗೇಟಿಗೆ ಹಿಮದ ಗುಡ್ಡೆ ಬೀಳಬಾರದೆಂದು. ಕಿಟಕಿಯಿಂದ ಕೈ ಬೀಸಿದ. ಹಾರ್ನ್ ಹೊಡೆದೆ. ಈ ವಾರದ ಮಾತುಕತೆ ಅಷ್ಟೇ.

ಮಾರ್ಚ್ ೯, ಭಾನುವಾರ

ಮತ್ತೆ ಅದೇ. ಮೊದಮೊದಲು ಚೆನ್ನಾಗಿ ಎಳೆಯಿತು. ರಸ ಬಿಸಿಯಾಗುತ್ತಾ ಬಂದ ಹಾಗೆ ಸೊರಗಿತು. ಕೊನೆಗೆ ಮಗ್ಗೇ ಗತಿ.

ಪೇಟೆಯಲ್ಲಿ ಬಿಯರ್ ಮಾಡುವ ಸಾಮಾನು ಮಾರುವ ಬ್ರೂ ಅಂಗಡಿಗೆ ಫೋನ್ ಮಾಡಿದೆ. ಗಡ್ಡದ ಹುಡುಗ ಎತ್ತಿದ.

"ಅಂಕಲ್, ಏರ್ ಲಾಕ್ ಆಗಿರುತ್ತೆ. ನಿಮ್ಮ ಪಂಪಿನ ಬಾಯಿ ಯಾವ ಕಡೆಗಿದೆ?"

"ಪಕ್ಕಕ್ಕೆ."

"ಅದೇ ಮತ್ತೆ! ಗಾಳಿ ಒಳಗೇ ಕೂತ್ಕೊಳ್ಳುತ್ತೆ. ಬಾಯಿ ಮೇಲಕ್ಕೆ ತಿರುಗಿಸಿ, ತಾನಾಗೇ ಹೋಗುತ್ತೆ. ಪಂಪನ್ನ ಪಾತ್ರೆಗಿಂತ ಕೆಳಗಿಡಿ. ಒಬ್ರೇ ಮಾಡ್ತಿದೀರಾ? ನಿಮ್ ಜೊತೆ ಬರ್ತಿದ್ರಲ್ಲ, ಜೋರು ಬಾಯಿಯವ್ರು?"

"ಅವನಿಗೆ ಬಿಡುವಿಲ್ಲ" ಅಂದೆ.

ತಿರುಗಿಸಿದೆ. ಕೆಳಗಿಟ್ಟೆ. ಗುಳುಗುಳು ಎಂದು ಗಾಳಿ ಹೋಯಿತು. ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಉಚ್ಚೆ.

ಮಾರ್ಚ್ ೧೫, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಇನ್ನೇನು ಮಾಡಲಿ.

ಇವತ್ತು ವರ್ನ್ ಹುಟ್ಟುಹಬ್ಬ. ಪ್ರತಿವರ್ಷ ಅವನಿಗೆಂದೇ ಕಪ್ಪು ಬಿಯರ್ ಮಾಡುವುದು, ಬಾಟಲಿಗೆ ಕೆಂಪು ರಿಬ್ಬನ್ ಕಟ್ಟಿ ಅವನ ಮನೆಯ ಮೆಟ್ಟಿಲ ಮೇಲೆ ಇಡುವುದು. ಈ ಸಲದ್ದು ಡಿಸೆಂಬರಿನಲ್ಲಿ ಇಬ್ಬರೂ ಸೇರಿ ಮಾಡಿದ್ದು, ಅವನೇ ಮೂಸಿ ನೋಡಿದ್ದು. ಬೆಳಿಗ್ಗೆ ಹೋಗಿ ಇಟ್ಟು ಬಂದೆ. ಯೋಚನೆ ಮಾಡಲಿಲ್ಲ. ಅಥವಾ ಮಾಡಿದೆ... ಮರೆತಿಲ್ಲ ಅಂತ ಗೊತ್ತಾಗಲಿ ಎಂದು ಮಾಡಿದೆ.

ಮಧ್ಯಾಹ್ನ ಐಲಿ ಬಂದಳು. ಮೇಲಂಗಿ ಇಲ್ಲ, ಬರೀ ಏಪ್ರನ್. ಬಾಟಲಿಗಳನ್ನು ಮೇಜಿನ ಮೇಲೆ ಕುಕ್ಕಿದಳು.

"ಏನಿದು ಮರ್ಲ್?"

"ಹುಟ್ಟುಹಬ್ಬ ಅಲ್ವಾ... ಅವನಿಗಲ್ಲದಿದ್ರೆ ಬರೋ ಹೋಗೋರಿಗೆ ಕೊಡಬಹುದು ಅಂತ."

"ಬರೋ ಹೋಗೋರು! ನಮ್ಮನೆಗೆ ಬರ್ತಿದ್ದವನು ನೀನೊಬ್ಬ. ಜನವರಿಯಿಂದ ನೀನೂ ಇಲ್ಲ." ಒಂದು ಬಾಟಲಿಯ ರಿಬ್ಬನ್ ಹಿಡಿದೆಳೆದಳು. "ಬಾಗಿಲು ತೆಗೆದು ನೋಡ್ದ. ಒಳಗೆ ತಂದ. ಕೋಟು ಬಿಚ್ಚದೆ ಅದರ ಮುಂದೆ ಕೂತ. ನಾನು ಅಡಿಗೆಮನೆಯಲ್ಲಿ ನಿಂತು ನೋಡ್ತಾ ಇದ್ದೆ, ಹೋಗೋಕೂ ಆಗಲ್ಲ, ಮಾತಾಡೋಕೂ ಆಗಲ್ಲ. ಕೊನೆಗೆ ಅವನೇ ಹೇಳ್ದ — ಐಲಿ, ಇದನ್ನ ವಾಪಸ್ ಕೊಟ್ಟು ಬಾ, ನಾನು ಹೋದ್ರೆ ಅಲ್ಲೇ ಕೂತುಬಿಡ್ತೀನಿ ಅಂತ."

"ಕ್ಷಮಿಸು ಐಲಿ. ನನಗೆ ಗೊತ್ತಾಗ್ಲಿಲ್ಲ."

"ಬರಬೇಡ ಅಂತ ನಿನಗೆ ಯಾರು ಹೇಳಿದ್ರು? ಬಿಟ್ಟಿದ್ದು ಬಿಯರನ್ನ ಕಣೋ ಪುಣ್ಯಾತ್ಮ. ಕಾಫಿ ಬಿಟ್ಟಿಲ್ಲ, ಕಾರ್ಡು ಬಿಟ್ಟಿಲ್ಲ."

ಹೋಗುವಾಗ ಬಾಗಿಲು ಎಳೆದುಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಮಾರ್ಚ್ ೧೬

ಹೋಗಲಿಲ್ಲ. ಹೋಗಿ ಏನು ಹೇಳುವುದು. ಬಾಟಲಿಗಳನ್ನು ನಾನೇ ಕುಡಿದೆ. ಬಹಳ ಚೆನ್ನಾಗಿತ್ತು. ಹೇಳಲು ಯಾರೂ ಇರಲಿಲ್ಲ.

ಮಾರ್ಚ್ ೨೬

ಬ್ರೂ ಮಾಡಿಲ್ಲ. ಸರೋವರದ ಐಸ್ ಒಡೆದಿದೆ, ಈ ಋತುವಿನ ಮೊದಲ ಹಡಗು ಒಳಗೆ ಬಂತು. ಅದರ ಕೂಗು ಬೆಟ್ಟದವರೆಗೂ ಕೇಳಿಸಿತು. ಎದುರುಮನೆಯ ಪೋರ್ಚಿನಲ್ಲಿ ವರ್ನ್ ಒಬ್ಬನೇ ನಿಂತು ಕೇಳುತ್ತಿದ್ದ. ಇಲ್ಲಿ ನಾನು, ಅಲ್ಲಿ ಅವನು. ನಡುವೆ ಒಂದು ಬೀದಿ. ಆ ಬೀದಿಯ ಹಿಮ ತೆಗೆಯುವವನು ನಾನೇ.

ಮಾರ್ಚ್ ೨೯, ಶನಿವಾರ

ಹಾರ್ಡ್‌ವೇರ್ ಅಂಗಡಿ. ಪೈಪಿನ ಕ್ಲಿಪ್ಪು ಹುಡುಕುತ್ತಿದ್ದೆ. ಹಿಂದಿನಿಂದ —

"ಆ ಸೈಜು ಆಗಲ್ಲ ಕಣೋ ಕತ್ತೆ."

ವರ್ನ್. ತೆಳ್ಳಗಾಗಿದ್ದಾನೆ. ಕೈಯಲ್ಲಿ ಬಲ್ಬು. ಕೈಯಲ್ಲಿದ್ದ ಕ್ಲಿಪ್ಪನ್ನು ವಾಪಸ್ ಇಟ್ಟೆ.

"ಬಾಟ್ಲಿ ವಿಷಯ..." ಅಂದೆ.

"ಬಿಡು. ಐಲಿ ಬೈದಿದ್ದಾಳಲ್ಲ, ಅಷ್ಟು ಸಾಕು. ಅವಳು ಬೈದ ಮೇಲೆ ಬೇರೆಯವರು ಬೈಯೋಕೆ ಏನೂ ಉಳಿಯಲ್ಲ." ಬಲ್ಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆಮೇಲೆ, ತಡೆಯಲಾರದೆ ಎಂಬ ಹಾಗೆ: "ಕ್ಲಿಪ್ಪು ಯಾಕೆ? ಪಂಪಿಗೆ ಏನಾಗಿದೆ?"

ಹೇಳಿದೆ. ತೊಳೆದದ್ದು, ಬಾಯಿ ತಿರುಗಿಸಿದ್ದು, ಎಲ್ಲ.

"ಸೊರಗಿದಾಗ ಸದ್ದು ಹೇಗಿರುತ್ತೆ?"

"ಜಲ್ಲಿಕಲ್ಲು ಅಗಿದ ಹಾಗೆ."

ಅವನ ಕಣ್ಣು ಬೆಳಗಿತು. ಬಹಳ ದಿನದ ಮೇಲೆ ಕಂಡ ಕಣ್ಣು ಅದು. "ಹಾಗಾದ್ರೆ ಪಂಪಿನ ತಪ್ಪಲ್ಲ. ಅದಕ್ಕಿಂತ ಹಿಂದೆ ಏನೋ ಕಟ್ಟಿದೆ. ಪಾಪ ಅದಕ್ಕೆ ಕುಡಿಯೋಕೆ ಸಿಗ್ತಿಲ್ಲ." ತಾನೇ ನಕ್ಕ. "ನನ್ನ ಹಾಗೇ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ನಕ್ಕಿದ್ದರಿಂದ ನಕ್ಕೆ.

"ಗ್ಯಾರೇಜಿಗೆ ನಾನು ಬರಲ್ಲ. ನಮ್ಮನೆ ಮುಂದೆ ತಗೊಂಡು ಬಾ, ಪಾತ್ರೆ, ಪೈಪು, ಎಲ್ಲಾ. ಬರೀ ನೀರು. ಮಾಲ್ಟ್ ವಾಸನೆ ಒಂಚೂರೂ ಇರಬಾರ್ದು."

ಏಪ್ರಿಲ್ ೪

ಸಂಜೆಯಿಡೀ ತೊಳೆದೆ. ಪಾತ್ರೆ, ಜಾಲರಿ, ಪೈಪು, ಪಂಪು. ಸೋಡಾ, ಆಮೇಲೆ ನಿಂಬೆ ಹುಳಿ, ಆಮೇಲೆ ಬಿಸಿನೀರು. ಮೂಸಿದೆ. ಮತ್ತೆ ತೊಳೆದೆ. ನನ್ನ ಮೂಗಿನ ಮೇಲೆ ನನಗೇ ನಂಬಿಕೆಯಿಲ್ಲ — ಇಷ್ಟು ವರ್ಷದಲ್ಲಿ ಆ ವಾಸನೆ ನನಗೆ ವಾಸನೆಯಾಗಿಯೇ ಉಳಿದಿಲ್ಲ. ಜಾಕೆಟ್ಟು ಕೂಡ ಒಗೆದೆ.

ಏಪ್ರಿಲ್ ೫, ಶನಿವಾರ

ವರ್ನ್ ಮನೆಯ ಮುಂದಿನ ಸಿಮೆಂಟು ನೆಲ. ಬಿಸಿಲು, ಆದರೂ ಚಳಿ. ಸ್ಟೂಲಿನ ಮೇಲೆ ಪಾತ್ರೆ, ಕೆಳಗೆ ಪಂಪು. ವರ್ನ್ ಮೊದಲು ದೂರ ನಿಂತ. ಆಮೇಲೆ ಬಗ್ಗಿ ಪಾತ್ರೆಯೊಳಗೆ ಮೂಗು ಹಾಕಿದ.

"ನಿಂಬೆಹಣ್ಣಿನ ಗೋದಾಮು ಆಗಿದೆ ಕಣೋ ಇದು" ಅಂದ. ಕುಕ್ಕರಗಾಲಿನಲ್ಲಿ ಕೂತ.

ತಣ್ಣೀರು ಹಾಕಿದೆವು. ಸ್ವಿಚ್. ಧಾರೆ ಪಕ್ಕದ ಹಿಮದ ಗುಡ್ಡೆಯಲ್ಲಿ ತೂತು ಕೊರೆಯಿತು.

"ಎಲ್ಲಿದೆಯೋ ನಿನ್ನ ರೋಗ? ಸುಳ್ಳು ಹೇಳಿ ಬಂದಿದೀಯ."

"ತಣ್ಣೀರಿಗೆ ಹೀಗೇ. ಬಿಸಿಯಾದ್ರೆ ನೋಡು."

"ಮತ್ತೆ ಅಂಗಡೀಲಿ ಯಾಕೆ ಹೇಳ್ಲಿಲ್ಲ? ಐಲೀ! ಕುದಿಯೋ ನೀರು!"

ಐಲಿ ದೊಡ್ಡ ಪಾತ್ರೆಯಲ್ಲಿ ತಂದು ಸುರಿದಳು, ಇನ್ನೊಂದು ಸಲ ತಂದಳು. ಹೋಗಲಿಲ್ಲ, ಕೈಕಟ್ಟಿ ನಿಂತಳು. ಮಾಲ್ಟ್ ಅಡ್ಡ ಇದ್ದ ಹಾಗೆ ಆಗಲಿ ಎಂದು ವರ್ನ್ ಪಾತ್ರೆಯ ವಾಲ್ವನ್ನು ಅರ್ಧ ಮುಚ್ಚಿದ. ಪಂಪಿಗೆ ಕಿವಿ ಕೊಟ್ಟ. ನಾನು ಧಾರೆ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸರಿ. ಆಮೇಲೆ ಜಲ್ಲಿ ಅಗಿಯುವ ಸದ್ದು, ಧಾರೆ ಸೊರಗಿತು.

"ಕೇಳಿಸ್ತು, ಕೇಳಿಸ್ತು" ಅಂದ ವರ್ನ್, ಕಣ್ಣು ಮುಚ್ಚಿಕೊಂಡೇ.

"ನೀವಿಬ್ಬರೂ ಏನು ಕೇಳ್ತಿದೀರೋ" ಅಂದಳು ಐಲಿ. "ಆ ಪೈಪು ನೋಡ್ರೋ. ಹಲ್ಲಿಲ್ಲದ ಮುದುಕಿ ಥರ ಕೆನ್ನೆ ಒಳಗೆಳ್ಕೊಂಡಿದೆ."

ನೋಡಿದೆವು. ಪಾತ್ರೆಯಿಂದ ಪಂಪಿಗೆ ಬರುವ ಪೈಪು — ಜನವರಿಯಲ್ಲಿ ನಾನು ಹೊಸದಾಗಿ ಹಾಕಿದ್ದು, ಮೆತ್ತಗಿನದು — ಬಿಸಿಗೆ ಬಾಡಿ, ಪಂಪು ಎಳೆದ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಸ್ವಿಚ್ ತೆಗೆದ ಕೂಡಲೇ ಉಬ್ಬಿ ಮೊದಲಿನಂತೆ. ಅದಕ್ಕೇ ಬಿಚ್ಚಿದಾಗಲೆಲ್ಲ ಏನೂ ಕಾಣುತ್ತಿರಲಿಲ್ಲ.

ಮೂವರೂ ನಕ್ಕೆವು. ವರ್ನ್ ಕೆಮ್ಮು ಬರುವಷ್ಟು ನಕ್ಕ. ನೆಲಮಾಳಿಗೆಯಿಂದ ದಪ್ಪ ಪದರದ ಗಟ್ಟಿ ಪೈಪಿನ ತುಂಡು ತಂದ, ಕತ್ತರಿಸಿ ಕೂರಿಸಿದ. ಬಿಸಿನೀರು ರಭಸವಾಗಿ ಓಡಿತು. ಮಾಡಲು ಇನ್ನೇನೂ ಇರಲಿಲ್ಲ, ಆದರೂ ಅದೇ ನೀರನ್ನು ಸುತ್ತಿಸುತ್ತ ಕೂತೆವು, ಅದು ಆರುವವರೆಗೆ. ಐಲಿ ಕಾಫಿ ತಂದಳು, ಏಲಕ್ಕಿ ಬ್ರೆಡ್ಡು ತಂದಳು. ಮಾತಿಗೆ ಹಾಕಿ ಮ್ಯಾಚು, ಹಡಗು, ಅವನ ಸಭೆಯಲ್ಲಿ ಗೊರಕೆ ಹೊಡೆಯುವ ಒಬ್ಬ ದಂತವೈದ್ಯ.

ಹೊರಡುವಾಗ ಪಂಪನ್ನು ಅವನೇ ಎತ್ತಿ ನನ್ನ ಕೈಗೆ ಕೊಟ್ಟ.

"ಇನ್ನು ತೊಂದರೆ ಕೊಡಲ್ಲ ಬಿಡು ಇದು" ಅಂದ.

ಹೂಂ ಅಂದೆ. ಬೀದಿ ದಾಟಿದೆ.

ಏಪ್ರಿಲ್ ೬, ಭಾನುವಾರ

ಬ್ರೂ ಮಾಡಬಹುದಿತ್ತು. ಮಾಡಲಿಲ್ಲ. ಕೆಟ್ಟಿದ್ದಾಗಲಾದರೂ ಒಂದು ಕೆಲಸವಿತ್ತು.

ಏಪ್ರಿಲ್ ೧೩, ಭಾನುವಾರ

ಬೆಳಿಗ್ಗೆ ಶುರು ಮಾಡಿದೆ. ಧಾರೆ ಹೆಬ್ಬೆರಳು ದಪ್ಪ. ಬಿಸಿಯಾದ ಮೇಲೂ ಅಷ್ಟೇ. ಮಗ್ಗು ಗೋಡೆಗೆ ನೇತುಹಾಕಿದೆ. ರಸ ಜೇನಿನ ಬಣ್ಣಕ್ಕೆ ತಿಳಿಯಾಗುತ್ತಾ ಬಂತು. ಎಲ್ಲ ಸರಿ. ಹೀಗೆ ಸರಿಯಾಗಿ ನಡೆಯುವಾಗ ಬ್ರೂ ಮಾಡುವವನಿಗೆ ಕೆಲಸವೇ ಇರುವುದಿಲ್ಲ, ಕೂತು ನೋಡಬೇಕು ಅಷ್ಟೇ. ಕೂತು ನೋಡುವುದು ಇಬ್ಬರ ಕೆಲಸ.

ರೇಡಿಯೋ ಹಾಕಿದೆ. ಆರಿಸಿದೆ.

ಹೊರಗೆ ಹಿಮ ಕರಗಿ ಚರಂಡಿಯೆಲ್ಲ ನೀರು.

ಮಧ್ಯಾಹ್ನ

ರಸವನ್ನು ಕುದಿಯಲು ಇಟ್ಟಿದ್ದೆ. ಫೋನು. ವರ್ನ್.

"ಮರ್ಲ್, ನಮ್ಮ ನೆಲಮಾಳಿಗೆಗೆ ನೀರು ನುಗ್ಗಿದೆ ಕಣೋ. ಪಾದ ಮುಳುಗೋಷ್ಟು. ನೀರು ಹೊರಹಾಕೋಕೆ ಅಲ್ಲಿ ಗುಂಡಿಯಲ್ಲಿರೋ ಪಂಪು ಎಳೀತಾ ಇಲ್ಲ."

"ನಿನಗೆ ಗೊತ್ತಿಲ್ಲದ ಪಂಪಾ? ಹಡಗನ್ನೇ ಮುಳುಗದ ಹಾಗೆ ನೋಡ್ಕೊಂಡವನು ನೀನು."

"ಗೊತ್ತು. ಹದಿನೈದು ನಿಮಿಷದ ಕೆಲಸ." ಆ ಕಡೆ ನೀರಿನಲ್ಲಿ ಕಾಲೆಳೆದ ಸದ್ದು. "ಸಭೆ ಮುಗಿಸಿ ಬಂದೆ. ಐಲಿ ತಂಗಿ ಮನೆಗೆ ಹೋಗಿದ್ದಾಳೆ. ಮನೇಲಿ ಒಬ್ಬನೇ. ಇವತ್ತು ಒಬ್ಬನೇ ಇರೋದು ಬೇಡ ಅನ್ನಿಸ್ತಿದೆ ಕಣೋ."

ದನಿ ಹಗುರಾಗಿಯೇ ಇತ್ತು. ಕೊನೆಯ ಮಾತಿನ ಹೊತ್ತಿಗೆ ಇರಲಿಲ್ಲ.

"ಬಂದೆ" ಅಂದೆ.

ಬರ್ನರ್ ಆರಿಸಿದ್ದೇನೆ. ರಸ ಹಾಗೇ ಇದೆ. ಹುಳಿಯಾದರೆ ಆಗಲಿ. ಮೈಯೆಲ್ಲ ಮಾಲ್ಟ್ ವಾಸನೆ, ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಹೋಗಬೇಕು, ಐದು ನಿಮಿಷ ಅಂದಿದ್ದೇನೆ. ತಲೆ ಒರೆಸಿಕೊಳ್ಳುತ್ತಲೇ ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಕಾಣುತ್ತಿದ್ದಾನೆ, ಪೋರ್ಚಿಗೆ ಬಂದು ನಿಂತಿದ್ದಾನೆ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಇತ್ತ ಕಡೆಯೇ ನೋಡುತ್ತ. ಹೊರಟೆ.